ದಿವ್ಯಶ್ರೀ ಟೈಲರಮ್ಮನಿಗೆ ಮಾತ್ರ ಹೇಳಿದ್ದು

ಮದುವೆ ಸೀಸನ್ ಬಂತೆಂದರೆ ಟೈಲರ್ ಜೊತೆ ಜಗಳವಾಡದ ಹೆಂಗಸು ಇದ್ದಾಳೆಯೇ? ಆದರೆ ಭದ್ರಾವತಿ ಓಲ್ಡ್ ಟೌನಿನ ಈಶ್ವರಮ್ಮನ ಮೇಲೆ ಯಾರದೂ ದೂರಿರಲಿಲ್ಲ. ಹೇಳಿದ ದಿನಕ್ಕೆ ಬ್ಲೌಸ್ ಸಿದ್ಧವಿರುತ್ತಿತ್ತು. ಇನ್ನೊಂದು ಒಳ್ಳೆಯ ಗುಣವೂ ಅವರಿಗಿತ್ತು. ಗಿರಾಕಿಗಳ ಅಳತೆ ಪುಸ್ತಕವನ್ನು ಗಂಡ ರಾಮಯ್ಯನಿಗೂ ಮುಟ್ಟಲು ಬಿಡುತ್ತಿರಲಿಲ್ಲ. "ಹೆಣ್ಮಕ್ಕಳ ಮೈಯಳತೆ ರೀ ಅದು, ನಿಮಗ್ಯಾಕೆ?" ಎಂದು ಗದರಿ ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದರು.

ಎರಡು ವರ್ಷದಿಂದ ಈಶ್ವರಮ್ಮನಿಗೆ ಒಂದು ವೆಬ್‌ಸೈಟ್ ಕೂಡ ಇದೆ. ದೂರದ ಹೆಂಗಸರು ಹೆಸರು, ಫೋನ್ ನಂಬರ್, ಮನೆ ವಿಳಾಸ, ಅಳತೆ ಎಲ್ಲವನ್ನೂ ಅದರಲ್ಲೇ ತುಂಬಿ ಬಟ್ಟೆ ಕಳಿಸುತ್ತಾರೆ. ಕೊನೆಯಲ್ಲಿ "ಟೈಲರ್‌ಗೆ ಏನಾದರೂ ಹೇಳಬೇಕೇ?" ಎಂದು ಕೇಳಿ ಒಂದಿಷ್ಟು ಖಾಲಿ ಜಾಗ ಬಿಟ್ಟಿದ್ದರು. ಎದುರು ನಿಂತು ಹೇಳಲಾಗದ್ದನ್ನು ಅಲ್ಲಿ ಬರೆಯುವವರಿದ್ದರು. ಶಿವಮೊಗ್ಗದ ಕೋಟೆ ಬಳಿಯ ದಿವ್ಯಶ್ರೀ ಹೀಗೆ ಬರೆದಿದ್ದರು: "ಅಮ್ಮಾ, ಕ್ಯಾನ್ಸರ್ ಆಗಿ ಎಡಗಡೆ ಎದೆ ತೆಗೆದಿದ್ದಾರೆ. ಒಳಗೆ ಪ್ಯಾಡ್ ಇಟ್ಟು, ಯಾರಿಗೂ ಗೊತ್ತಾಗದ ಹಾಗೆ ಹೊಲಿದುಕೊಡಿ."

ಈಶ್ವರಮ್ಮ ಹೊಲಿದುಕೊಟ್ಟರು. ಯಾರಿಗೂ ಗೊತ್ತಾಗಲಿಲ್ಲ.

ಮಾಘ ಮಾಸದ ಮದುವೆಗಳ ಗಡಿಬಿಡಿಯಲ್ಲಿ ಒಂದು ಬೆಳಿಗ್ಗೆ ಸೈಟ್ ಕೈಕೊಟ್ಟಿತು. ಆರ್ಡರ್ ಪುಟ ತೆರೆಯುತ್ತಲೇ ಇಲ್ಲ. ಅದನ್ನು ಮಾಡಿಕೊಟ್ಟವರು ಫೋನ್ ಎತ್ತಲಿಲ್ಲ. ನೆಟ್‌ನಲ್ಲಿ ಹುಡುಕಿದಾಗ ಟೆಕ್ನಿಕಲ್ ಸಪೋರ್ಟ್‌ನವನೊಬ್ಬನ ನಂಬರ್ ಸಿಕ್ಕಿತು. "ಅಡ್ಮಿನ್ ಐಡಿ, ಪಾಸ್‌ವರ್ಡ್ ವಾಟ್ಸಾಪ್ ಮಾಡಿ ಮೇಡಂ, ಹತ್ತು ನಿಮಿಷದಲ್ಲಿ ರೆಡಿ ಮಾಡ್ತೀನಿ" ಎಂದ.

ಸೀರೆಗೆ ಫಾಲ್ ಹಾಕಿಸಲು ಬಂದಿದ್ದ ಪಕ್ಕದ ಮನೆಯ ವೇದಾ ಇದನ್ನು ಕೇಳಿಸಿಕೊಂಡಳು. ಅವಳು ಶಂಕರಘಟ್ಟದ ಕಚೇರಿಯೊಂದರಲ್ಲಿ ಕಂಪ್ಯೂಟರ್ ಕೆಲಸ ಮಾಡುವವಳು.

"ಅಕ್ಕ, ನಿಮ್ಮ ಪಾಸ್‌ವರ್ಡ್ ಕೊಡ್ಬೇಡಿ. ಅವನು ಯಾರು, ಎಲ್ಲಿಯವನು ಅಂತ ಮೊದ್ಲು ವಿಚಾರಿಸಿ. ಆಮೇಲೆ ಅವನಿಗೆ ಅಂತ್ಲೇ ಬೇರೆ ಲಾಗಿನ್ ಮಾಡ್ಕೊಡಣ. ಕೆಟ್ಟಿರೋ ಪುಟ ಮಾತ್ರ ಕಾಣ್ಲಿ, ಗಿರಾಕಿಗಳ ಪಟ್ಟಿ ಕಾಣೋದು ಬೇಡ. ಕೆಲಸ ಮುಗಿದ್ಮೇಲೆ ಆ ಲಾಗಿನ್ ತೆಗೆದುಹಾಕಿದ್ರಾಯ್ತು. ಸಂಜೆ ಬಂದು ನಾನೇ ಮಾಡ್ಕೊಡ್ತೀನಿ."

"ಸಂಜೆ ತನಕ ಕಾಯಕ್ಕಾಗತ್ತೇನೇ ಮಾರಾಯ್ತಿ? ಡಾಕ್ಟ್ರ ಹತ್ರ ಹೋಗಿ ಮೈ ಮುಚ್ಕೊಂಡು ಕೂತ್ರೆ ಕಾಯ್ಲೆ ವಾಸಿ ಆಗತ್ತಾ?"

"ಹಲ್ಲು ನೋವು ಅಂತ ಹೋದ್ರೆ ಬಾಯಿ ಮಾತ್ರ ತಾನೇ ಅಕ್ಕ ತೆಗೆಯೋದು?"

"ಬ್ಲೌಸ್ ಅಳತೆ ಕಟ್ಕೊಂಡು ಅವನಿಗೇನಾಗ್ಬೇಕು? ಹೋಗೆ, ನಿಂಗೆ ಎಲ್ಲದ್ರಲ್ಲೂ ಅನುಮಾನ."

ವೇದಾಳ ಬಸ್ಸಿಗೆ ಹೊತ್ತಾಗಿತ್ತು. ಅವಳು ಬೀದಿ ದಾಟುವ ಮೊದಲೇ ಪಾಸ್‌ವರ್ಡ್ ಹೋಗಿಯಾಗಿತ್ತು. ಸೈಟ್ ನಿಜಕ್ಕೂ ಹತ್ತೇ ನಿಮಿಷದಲ್ಲಿ ಸರಿಯಾಯಿತು. ಸಂಜೆ ವೇದಾ ಮತ್ತೆ ಬಂದು, "ಪಾಸ್‌ವರ್ಡ್ ಆದ್ರೂ ಬದಲಾಯ್ಸಿ ಅಕ್ಕ" ಎಂದಳು. "ನಾಳೆ ಮಾಡ್ತೀನಿ ಕಣೆ" ಎಂದರು ಈಶ್ವರಮ್ಮ. ಮಾಡಲಿಲ್ಲ.

ಇಪ್ಪತ್ತು ದಿನ ಕಳೆದಿರಬೇಕು. ಒಂದು ಮಧ್ಯಾಹ್ನ ದಿವ್ಯಶ್ರೀ ಬಸ್ ಹತ್ತಿ ಅಂಗಡಿಗೇ ಬಂದರು. ಕುರ್ಚಿ ಕೊಟ್ಟರೂ ಕೂರಲಿಲ್ಲ.

"ಅಮ್ಮಾ, ನಾನು ಬರೆದಿದ್ದನ್ನ ಯಾರಿಗೆ ತೋರಿಸಿದ್ರಿ?"

"ಯಾರಿಗೂ ಇಲ್ಲಮ್ಮ, ದೇವರಾಣೆಗೂ ಇಲ್ಲ."

"ನಿನ್ನೆ ಯಾರೋ ಫೋನ್ ಮಾಡಿದ್ರು. ನಾನು ಸ್ನಾನಕ್ಕೆ ಹೋಗಿದ್ದೆ, ಮಗಳು ಅಮೂಲ್ಯ ಎತ್ತಿದ್ಲು. 'ನಿಮ್ಮಮ್ಮಂಗೆ ಎದೆ ಕ್ಯಾನ್ಸರ್ ಅಲ್ವಾ? ಮತ್ತೆ ಬರದ ಹಾಗೆ ಔಷಧಿ ಇದೆ, ಮನೆ ಕೋಟೆ ಹತ್ರಾನೇ ತಾನೇ?' ಅಂದ್ರಂತೆ. ಅವಳಿಗೆ ಬರೀ ಗಡ್ಡೆ ತೆಗೆಸ್ಕೊಂಡೆ ಅಂತ ಹೇಳಿದ್ದೆ. ಸೆಕೆಂಡ್ ಪಿಯುಸಿ ಅವಳು. ಪರೀಕ್ಷೆ ಮುಗಿದ್ಮೇಲೆ ನಾನೇ ಹತ್ರ ಕೂರಿಸ್ಕೊಂಡು ಹೇಳಣ ಅಂತಿದ್ದೆ. 'ಅಮ್ಮ, ನೀನು ಸಾಯ್ತೀಯಾ?' ಅಂತ ಕೇಳಿದ್ಲು. ನಾನು ಏನ್ ಹೇಳಲಿ ಹೇಳಿ."

ಈಶ್ವರಮ್ಮ ಆಗಲೇ ವೇದಾಳಿಗೆ ಫೋನ್ ಮಾಡಿದರು.

ಸಂಜೆ ವೇದಾ ಸೈಟಿನ ದಾಖಲೆ ತೆಗೆದು ನೋಡಿದಳು. ರಿಪೇರಿಯಾದ ದಿನ, ಅದೇ ಹೊತ್ತಿಗೆ, ಗಿರಾಕಿಗಳ ಪೂರ್ತಿ ಪಟ್ಟಿ ಡೌನ್‌ಲೋಡ್ ಆಗಿತ್ತು. ಮುನ್ನೂರ ಹನ್ನೆರಡು ಹೆಂಗಸರು. ಆ ಸಪೋರ್ಟ್‌ನವನ ನಂಬರ್ ಈಗ ಚಾಲ್ತಿಯಲ್ಲಿರಲಿಲ್ಲ. ಅವನೇ ಮಾರಿಕೊಂಡನೋ, ಅವನಿಂದ ಬೇರೆ ಯಾರ ಕೈಗೆ ಹೋಯಿತೋ ತಿಳಿಯಲಿಲ್ಲ. ವೇದಾ ಪಾಸ್‌ವರ್ಡ್ ಬದಲಾಯಿಸಿದಳು. ಮರುದಿನ ಇಬ್ಬರೂ ಶಿವಮೊಗ್ಗಕ್ಕೆ ಹೋಗಿ ಪೊಲೀಸರಿಗೆ ದೂರನ್ನೂ ಕೊಟ್ಟರು.

"ಅದನ್ನ ವಾಪಸ್ ಇಸ್ಕೊಳ್ಳಕ್ಕೆ ಆಗಲ್ವೇನೆ?" ಎಂದು ಈಶ್ವರಮ್ಮ ದಾರಿಯುದ್ದಕ್ಕೂ ಕೇಳಿದರು.

"ಇಲ್ಲ ಅಕ್ಕ. ಎಷ್ಟು ಜನರ ಹತ್ರ ಇದ್ಯೋ ಯಾರಿಗೆ ಗೊತ್ತು?"

ಈಶ್ವರಮ್ಮ ಹೊಲಿಗೆ ಬದಿಗಿಟ್ಟು ಮುನ್ನೂರ ಹನ್ನೆರಡು ಮಂದಿಗೂ ಫೋನ್ ಮಾಡಿದರು. "ನನ್ನ ತಪ್ಪಿಂದ ನಿಮ್ಮ ವಿಷಯ ಹೊರಗೆ ಹೋಗಿದೆ. ಯಾರೇ ಫೋನ್ ಮಾಡಿದ್ರೂ ನಂಬಬೇಡಿ, ಒಟಿಪಿ ಕೊಡ್ಬೇಡಿ" ಎಂದರು. ಕೆಲವರು ಬೈದರು. ಕೆಲವರು ಪೂರ್ತಿ ಕೇಳದೆ ಫೋನ್ ಇಟ್ಟರು. ರಾಮಯ್ಯ ಪಕ್ಕದಲ್ಲಿ ಕೂತು ಒಂದೊಂದೇ ನಂಬರ್ ಓದಿ ಹೇಳುತ್ತಿದ್ದರು. ಒಂದು ಮಾತನ್ನೂ ಆಡಿ ತೋರಿಸಲಿಲ್ಲ.

ಕೊನೆಗೆ ಎಲ್ಲ ಸರಿಹೋಯಿತು ಎಂದು ಬರೆಯಲು ನಮಗೂ ಆಸೆಯಿತ್ತು. ಸರಿಹೋಗಲಿಲ್ಲ. ಮೊದಲ ದಿನದ ಪರೀಕ್ಷೆಗೆ ಹೋದ ಅಮೂಲ್ಯ ಅರ್ಧಕ್ಕೇ ಎದ್ದು ಬಂದಳು. "ನನ್ನ ವಿಷಯ ಎಲ್ಲಾ ಅಳಿಸಿಬಿಡಿ" ಎಂದು ದಿವ್ಯಶ್ರೀ ಕೇಳಿದರು. ಈಶ್ವರಮ್ಮ ತಮ್ಮ ಸೈಟಿನಿಂದ ಅಳಿಸಿದರು. ಅವರಿಂದ ಆಗುವುದು ಅಷ್ಟೇ. ಫೋನುಗಳು ಈಗಲೂ ಬರುತ್ತಿವೆ.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಹೊಲಿಗೆ ಅಂಗಡಿಯಿರಲಿ, ಟ್ಯೂಷನ್ ಇರಲಿ, ಸಂಘದ ಹಪ್ಪಳ ವ್ಯಾಪಾರವೇ ಇರಲಿ, ಸೈಟ್ ಕೆಟ್ಟಾಗ ಗಾಬರಿಯಾಗಬೇಡಿ. ಗೊತ್ತಿಲ್ಲದವರನ್ನು ಒಳಗೆ ಬಿಡಬೇಡಿ. ಗೊತ್ತಿರುವವರಿಗೂ ನಿಮ್ಮ ಪಾಸ್‌ವರ್ಡ್ ಬೇಡ, ಬೇರೆ ಲಾಗಿನ್ ಕೊಡಿ, ಬೇಕಾದಷ್ಟೇ ತೋರಿಸಿ, ಕೆಲಸ ಮುಗಿದ ಕೂಡಲೇ ಮುಚ್ಚಿ. ಅಗತ್ಯವಿಲ್ಲದ್ದನ್ನು ಗಿರಾಕಿಯಿಂದ ಕೇಳಲೇಬೇಡಿ, ಹಳೆಯದನ್ನು ಅಳಿಸಿ. ಒಂದು ದಿನದ ವ್ಯಾಪಾರ ನಿಂತರೆ ನಿಲ್ಲಲಿ. ಆ ಪಟ್ಟಿಯಲ್ಲಿರುವ ಒಬ್ಬೊಬ್ಬರೂ ನಿಮ್ಮೊಬ್ಬರನ್ನೇ ನಂಬಿ ಬರೆದವರು.