ಅಣ್ಣನ ಬಟ್ಟಲು, ತಂಗಿಯ ಬಟ್ಟಲು

ಪ್ರಾಣಿ ಆಸ್ಪತ್ರೆಯ ಲ್ಯಾಬಿನಲ್ಲಿ ಅವಳ ಕೆಲಸವೇನೆಂದು ಹೇಳಿದರೆ ನೀವು ಮೂಗು ಮುಚ್ಚಿಕೊಳ್ಳುತ್ತೀರಿ. ಮುಚ್ಚಿಕೊಳ್ಳಿ, ಅವಳಿಗೇನೂ ಬೇಜಾರಿಲ್ಲ. ಹಸಿ ಮಾಂಸ ತಿನ್ನುವ ನಾಯಿ-ಬೆಕ್ಕುಗಳ ಕರುಳಿನಲ್ಲಿ ಎಂಥ ಬ್ಯಾಕ್ಟೀರಿಯ ಬೆಳೆಯುತ್ತವೆ, ಬೇಯಿಸಿದ್ದು ತಿನ್ನುವವುಗಳಲ್ಲಿ ಎಂಥವು ಎಂಬ ಪರೀಕ್ಷೆ ನಡೆದಿತ್ತು. ಅದಕ್ಕಾಗಿ ಮನೆಮನೆಯಿಂದ ಬಂದ ಕಕ್ಕವನ್ನು ಡಬ್ಬಿಗೆ ತುಂಬಿ ಚೀಟಿ ಅಂಟಿಸುವವಳು ಇವಳು. ಮನೆಗಳು ಸಾಲದೆ ತನ್ನ ಮನೆಯ ಎರಡು ಮುದಿ ಬೆಕ್ಕುಗಳನ್ನೂ ಸೇರಿಸಿದ್ದಳು. ಒಂದೇ ಸೂಲಿನವು, ಹೆಸರೂ ಅಣ್ಣ, ತಂಗಿ ಎಂದೇ. ಅಣ್ಣನಿಗೆ ಹಸಿ ಮಾಂಸ. ತಂಗಿಗೆ ಮಾಂಸ, ಕುಂಬಳಕಾಯಿ ಬೇಯಿಸಿ ಕಿವುಚಿದ್ದು.

ಮೂರು ತಿಂಗಳಿಗೆ ಬಂದ ಮೊದಲ ವರದಿ ತಲೆಕೆಳಗಾಗಿತ್ತು. ತರಕಾರಿಯ ನಾರು ತಿಂದು ಬದುಕುವ ಬ್ಯಾಕ್ಟೀರಿಯ ಅಣ್ಣನ ಡಬ್ಬಿಯಲ್ಲಿ ಗಿಜಿಗುಡುತ್ತಿದ್ದವು. ತಂಗಿಯದರಲ್ಲಿ ಅವು ಹುಡುಕಿದರೂ ಇಲ್ಲ, ಬರೀ ಮಾಂಸ ಅರಗಿಸುವವು.

"ಚೀಟಿ ಅದಲುಬದಲು ಮಾಡಿದ್ದೀರಿ," ಎಂದರು ಡಾಕ್ಟರಮ್ಮ. "ಸೋಮವಾರದಿಂದ ಡಬ್ಬಿ ಮುಟ್ಟಬೇಡಿ. ಗಾಜಿನ ಸಾಮಾನು ತೊಳೆಯಿರಿ."

ಹನ್ನೊಂದು ವರ್ಷ ಒಂದು ಚೀಟಿಯೂ ತಪ್ಪದವಳು ಅವಳು. ಹಾಳಾದ್ದು, ತನ್ನ ಕೈಯ ಮೇಲೆ ತನಗೇ ಅನುಮಾನ ಬಂತು! ಊಟದ ಬಿಡುವಿನಲ್ಲಿ ಮನೆಗೆ ಓಡಿದಳು. ಅಡುಗೆಮನೆಯಲ್ಲಿ ಅತ್ತೆ ಕುಕ್ಕರುಗಾಲಲ್ಲಿ ಕೂತು ಅಣ್ಣನಿಗೆ ಕುಂಬಳಕಾಯಿ ತಿನ್ನಿಸುತ್ತಿದ್ದರು. ಪಕ್ಕದಲ್ಲಿ ತಂಗಿ ಹಸಿ ಮಾಂಸ ಜಗಿಯುತ್ತಿದ್ದಳು.

"ಅತ್ತೇ! ಇದೇನು ಮಾಡ್ತಿದ್ದೀರಿ?"

"ಕಣ್ಣು ಕಾಣಲ್ವಾ? ಇವನ ಬಾಯಲ್ಲಿರೋದೇ ಮೂರು ಹಲ್ಲು. ಹಸಿ ಮಾಂಸ ಹೇಗೆ ತಿಂತಾನೆ? ನೀನು ಹೊಸ್ತಿಲು ದಾಟಿದ ಕೂಡಲೆ ಬಟ್ಟಲು ಬದಲಾಯಿಸ್ತೀನಿ."

"ಎಷ್ಟು ದಿನದಿಂದ?"

"ಮೊದಲನೇ ದಿನದಿಂದ."

"ನನ್ನ ಕೆಲಸಕ್ಕೇ ಕುತ್ತು ತಂದಿರಲ್ಲ!" ಎಂದು ಅವಳು ನಡೆದದ್ದೆಲ್ಲ ಹೇಳಿದಳು. ಅತ್ತೆಯ ಮುಖ ಸಪ್ಪಗಾಯಿತು. ಕೈ ತೊಳೆದು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು. ಅವಳೂ ಹಿಂದೆಯೇ ಓಡಿದಳು.

"ತಪ್ಪು ನಂದು," ಎಂದರು ಅತ್ತೆ, ಡಾಕ್ಟರಮ್ಮನ ಮೇಜಿನ ಮುಂದೆ ನಿಂತು. "ಬಟ್ಟಲು ಬದಲಾಯಿಸಿದ್ದು ನಾನು. ನೀವು ಒಂದು ಮಾತು ಮನೆಗೆ ಬಂದು ಕೇಳೋದು ಬಿಟ್ಟು ಇವಳ ಮೇಲೆ ಹೊರಿಸಿದ್ದೀರಲ್ಲ! ನನ್ನ ಸೊಸೆ ಕೆಲಸದಲ್ಲಿ ತಪ್ಪೋಳಲ್ಲ. ಅವಳ ಕೈ ನನಗೆ ಗೊತ್ತು."

ಡಾಕ್ಟರಮ್ಮ ವರದಿಯನ್ನು ಮತ್ತೊಮ್ಮೆ ತಿರುವಿ ನೋಡಿ ನಕ್ಕುಬಿಟ್ಟರು. "ಅಂದ್ರೆ ಚೀಟಿನೂ ಸರಿ, ವರದಿನೂ ಸರಿ. ಡಬ್ಬಿ ಕೆಲಸ ನಿಮ್ಮದೇ ಕಣ್ರೀ."

ಅದು ಅವಳ ಕಿವಿಗೆ ಬಿತ್ತೋ ಇಲ್ಲವೋ. ಮದುವೆಯಾಗಿ ಹದಿನಾಲ್ಕು ವರ್ಷಕ್ಕೆ ಅತ್ತೆಯ ಬಾಯಿಂದ ಮೊದಲ ಸಲ ಒಂದು ಒಳ್ಳೆಯ ಮಾತು ಕೇಳಿ, ಅವಳು ಅಲ್ಲೇ ನಿಂತು ಅತ್ತುಬಿಟ್ಟಳು.