ಜಾತಕದ ಫ್ಲಾಪಿ

ಆಗೆಲ್ಲ ಅಂಕೋಲೆಯ ಆ ಸಣ್ಣ ಆಸ್ಪತ್ರೆಯಲ್ಲಿ ಕಂಪ್ಯೂಟರಿಗೆ ದೇವರಕೋಣೆಯ ಮರ್ಯಾದೆ. ಚಪ್ಪಲಿ ಹೊರಗೆ ಬಿಡಬೇಕು, ಅದಕ್ಕೆ ಹೊದೆಸಿದ ಕಸೂತಿ ಬಟ್ಟೆ ಮಡಚಿಡಬೇಕು, ಆಮೇಲೆ ಸ್ವಿಚ್ಚು. ಆಯುಧಪೂಜೆಗೆ ಅದಕ್ಕೂ ಗೊಂಡೆಹೂವಿನ ಮಾಲೆ. ಎಂಥ ಚಂದದ ದಿನಗಳವು! ಬೆಳಂಬಾರದಿಂದ ಬಸ್ಸಿನಲ್ಲಿ ಬಂದು ಆ ಕುರ್ಚಿಯಲ್ಲಿ ಕೂರುವ ಹೀರಾಳ ಗತ್ತೇ ಗತ್ತು. ರೋಗಿಗಳ ಹೆಸರು, ಕಾಯಿಲೆ, ಮೈಗೆ ಆಗದ ಔಷಧಿ ಎಲ್ಲವನ್ನೂ ತುಂಬುವವಳು ಅವಳೇ.

ಅವಳ ಗಂಡ ರಾಮನಾಥ ಗೋವೆಯಲ್ಲಿ ಕೆಲಸಕ್ಕಿದ್ದ. ರಜೆಗೆ ಊರಿಗೆ ಬಂದವನು ಒಂದು ಭಾನುವಾರ ಅಂಗಿ ಕಿಸೆಯಲ್ಲಿ, ಕಂಪ್ಯೂಟರಿಗೆ ತುರುಕುವ ಅಂಗೈಯಗಲದ ಕಪ್ಪು ಫ್ಲಾಪಿ ಇಟ್ಟುಕೊಂಡು ಆಸ್ಪತ್ರೆಗೇ ಬಂದ. ತಂಗಿ ವಿಜೇತಾಳಿಗೆ ಸಂಬಂಧ ಬಂದಿತ್ತು.

“ಕಂಪ್ಯೂಟರ್ ಜಾತಕ ಮಾರಾಯ್ತಿ! ಹುಡುಗ ಹುಡುಗಿ ಹುಟ್ಟಿದ ಹೊತ್ತು ಹಾಕಿದ್ರೆ ಸಾಕು, ಕೂಡಿ ಬರ್ತದಾ ಇಲ್ವಾ ಅದೇ ಹೇಳ್ತದೆ. ಮಾಜಾಳಿಯಲ್ಲಿ ಈಗ ಎಲ್ರೂ ಇದ್ರಲ್ಲೇ ನೋಡೂದು.”

“ಹೊರಗಿನ ಫ್ಲಾಪಿ ಹಾಕೂಕೆ ಆಗೂದಿಲ್ಲ. ವೈರಸ್ ಬರ್ತದೆ ಅಂತ ಡಾಕ್ಟ್ರು ಹೇಳಿದಾರೆ.”

“ಚಪ್ಪಲಿ ಬಿಟ್ಟು, ಕೈ ತೊಳ್ಕಂಡೇ ಬಂದಿದೇನೆ. ಇದ್ಕೆಂಥ ಥಂಡಿ ಜ್ವರ?”

ನರ್ಸ್ ಗಾಯತ್ರಿ ಅಲ್ಲೇ ಇದ್ದಳು. “ರಾಮನಾಥಣ್ಣ, ಇದು ಮೈಗೆ ಬರೂ ವೈರಸ್ ಅಲ್ಲ. ಕೆಟ್ಟ ಬುದ್ಧಿಯವರು ಬರೆದಿಟ್ಟ ಕಿತಾಪತಿ. ಫ್ಲಾಪಿಯೊಳಗೆ ಅಡಗಿ ಬಂದು ಇದ್ದದ್ದೆಲ್ಲ ಅಳಿಸಿ ಹಾಕ್ತದೆ.”

ರಾಮನಾಥ ನಕ್ಕುಬಿಟ್ಟ. ಗಾಯತ್ರಿ ವಾರ್ಡಿನ ಕಡೆ ಹೋದದ್ದೇ ತಡ, ಹೀರಾಳಿಗೂ ಮನಸ್ಸು ತಡೆಯಲಿಲ್ಲ. ನಾದಿನಿಯ ಮದುವೆ ಅಲ್ಲವೇ! ಪ್ರಿಂಟರು ಕಿರ್ ಕಿರ್ ಎಂದು ಜಾತಕ ಹೊರಹಾಕಿತು. ಗಂಡ ಹೆಂಡತಿ ಇಬ್ಬರಿಗೂ ಖುಷಿಯೋ ಖುಷಿ.

ಮರುದಿನ ಬೆಳಿಗ್ಗೆ ಕಂಪ್ಯೂಟರು ಕಣ್ಣೇ ಬಿಡಲಿಲ್ಲ. ಹೀರಾ ಹತ್ತು ಸಲ ಸ್ವಿಚ್ಚು ಒತ್ತಿ ನೋಡಿದಳು; ನಿನ್ನೆಯ ಫ್ಲಾಪಿಯದೇ ಕಿತಾಪತಿ ಎಂದು ಗೊತ್ತಾಯಿತು. ಅದೇ ಮಧ್ಯಾಹ್ನ ರಾಮನಾಥ ತಾಯಿ ನಾಗಿಯನ್ನು ರಿಕ್ಷಾದಲ್ಲಿ ತಂದ. ಹೊಳೆಯಲ್ಲಿ ಬಳಚು ಎಂಬ ಚಿಪ್ಪುಮೀನು ಹೆಕ್ಕಲು ಹೋದಾಗ ಚಿಪ್ಪು ಕಾಲು ಕೊಯ್ದಿತ್ತು. ಗಾಯಕ್ಕೆ ನಂಜೇರಿ, ಜ್ವರಕ್ಕೆ ಮೈಮೇಲೆ ಎಚ್ಚರವೇ ಇರಲಿಲ್ಲ.

ಹಳೇ ಡಾಕ್ಟರು ರಜೆಯಲ್ಲಿದ್ದರು. ಬದಲಿಗೆ ಬಂದವರು ಕೇಳಿದರು, “ಇವರಿಗೆ ಯಾವುದಾದ್ರೂ ಇಂಜೆಕ್ಷನ್ ಆಗೂದಿಲ್ವಾ?”

“ಹಿಂದೊಮ್ಮೆ ಒಂದು ಕೊಟ್ಟು ಮೈಯೆಲ್ಲ ದದ್ದೆದ್ದು, ಉಸಿರೇ ಕಟ್ಟಿತ್ತು. ಹೆಸರು ನೆನಪಿಲ್ಲ ಸರ್. ಕಂಪ್ಯೂಟರಲ್ಲಿ ನಾನೇ ಬರ್ದಿದ್ದೆ,” ಎಂದ ಹೀರಾ ಅಳತೊಡಗಿದಳು.

ಗಾಯತ್ರಿ ಕಪಾಟಿನ ಬೀಗ ತೆಗೆದಳು. ಶನಿವಾರ ಶನಿವಾರ ಎಲ್ಲದರ ನಕಲನ್ನು ಬೇರೆ ಫ್ಲಾಪಿಗೆ ಇಳಿಸಿಡುವುದು ಅವಳ ಪದ್ಧತಿ. ಅವಳು, ಹೀರಾ, ರಾಮನಾಥ ಮೂವರೂ ಪಕ್ಕದ ಓಣಿಯ ತುಳಸಿದಾಸನ ಟೈಪಿಂಗ್ ಕ್ಲಾಸಿಗೆ ಓಡಿದರು. ಅಲ್ಲೊಂದು ಕಂಪ್ಯೂಟರಿತ್ತು.

“ತುಳಸಿದಾಸಣ್ಣ, ರಾಮನಾಥಣ್ಣ, ನೀವಿಬ್ರೂ ಹೊರಗೆ ನಿಲ್ಲಿ,” ಎಂದಳು ಗಾಯತ್ರಿ. “ಊರವರ ಕಾಯಿಲೆ ಇದ್ರಲ್ಲಿದೆ. ಎಲ್ಲರೂ ನೋಡೂದಲ್ಲ.”

ಹೀರಾ ಪಾಸ್‌ವರ್ಡ್ ಒತ್ತಿದಳು. ನಾಗಿಗೆ ಆಗದ ಇಂಜೆಕ್ಷನ್ನಿನ ಹೆಸರು ಸಿಕ್ಕಿತು. ಅದನ್ನು ಚೀಟಿಯಲ್ಲಿ ಬರೆದುಕೊಂಡು ಆಸ್ಪತ್ರೆಗೆ ಓಡಿಬಂದರು. ಡಾಕ್ಟರು ತಾವು ಕೈಗೆತ್ತಿಕೊಂಡಿದ್ದ ಅದೇ ಔಷಧಿಯನ್ನು ಕೆಳಗಿಟ್ಟು ಬೇರೆಯದನ್ನು ಕೊಟ್ಟರು.

ಜ್ವರ ಇಳಿದ ಮೇಲೆ ನಾಗಿ ಮೊದಲು ಕೇಳಿದ್ದೇ, “ಮಗಾ, ವಿಜೇತಾಳ ಜಾತಕ ಕೂಡಿತಾ?”

“ಕೂಡಿತು ಆಯಿ. ಅದನ್ನ ನೋಡೂಕೆ ಹೋಗಿ ನಿನ್ನನ್ನೇ ಕಳ್ಕಳ್ತಿದ್ದೆ,” ಎಂದ ರಾಮನಾಥ ತಾಯಿಯ ಕಾಲು ಹಿಡಿದು ಅತ್ತ. ಆ ಫ್ಲಾಪಿಯನ್ನು ಅವತ್ತೇ ಮುರಿದು ಒಲೆಗೆ ಹಾಕಿದ.

ಅಕ್ಕಂದಿರೇ, ಅಣ್ಣಂದಿರೇ, ಆ ಫ್ಲಾಪಿ ಹೋಯಿತು, ಆ ಕಸೂತಿ ಬಟ್ಟೆಯೂ ಹೋಯಿತು. ಈಗ ನಿಮ್ಮ ಕಾಯಿಲೆಯ ಕಥೆಯೆಲ್ಲ ನಿಮ್ಮ ಕೈಯ ಫೋನಿನಲ್ಲೇ ಇದೆ. ಗುರುತಿಲ್ಲದವರು ಕಳಿಸಿದ ಲಿಂಕ್ ಒತ್ತಬೇಡಿ. ಆಸ್ಪತ್ರೆಯವರೆಂದು ಫೋನ್ ಮಾಡಿ, ನಮ್ಮ ಮನೆಮಾತಲ್ಲೇ ಮಾತಾಡಿ ಓಟಿಪಿ ಕೇಳಿದರೂ ಹೇಳಬೇಡಿ. ಪಾಸ್‌ವರ್ಡ್ ಯಾರಿಗೂ ಕೊಡಬೇಡಿ, ಮುಖ್ಯವಾದದ್ದರ ನಕಲು ಬೇರೆ ಕಡೆ ಇರಲಿ. ನಾಗಿಗೆ ಗಾಯತ್ರಿಯ ಕಪಾಟಿತ್ತು. ನಿಮ್ಮ ಆಯಿಯ ಕಾಯಿಲೆ, ಔಷಧಿಯ ವಿವರ ಜೋಪಾನವಾಗಿದೆಯೇ? ಇವತ್ತೇ ಒಮ್ಮೆ ನೋಡಿ.