ಕ್ಲಾಪಿಗೆ ಮುಂಚಿನ ಇಪ್ಪತ್ತಾರು ಸೆಕೆಂಡು

ಡೈರೆಕ್ಟರು ನನ್ನ ಎಡಿಟಿಂಗ್ ಕೋಣೆಯ ಬಾಗಿಲನ್ನು ಕಾಲಿನಿಂದ ತಳ್ಳಿಕೊಂಡು ಬಂದರು. ಕೂರಲಿಲ್ಲ.

"ಮೂರಕ್ಕೆ ತನಿಖೆಯೋರು ಬರ್ತಾರೆ. ಕ್ಲಾಪಿಗೆ ಮುಂಚಿನ ಇಪ್ಪತ್ತಾರು ಸೆಕೆಂಡು ಇರಕೂಡದು."

"ಅಳಿಸ್ಬೇಕಾ?"

"ಇಲ್ಲ, ಫ್ರೇಮ್ ಹಾಕ್ಸಿ ಗೋಡೆಗೆ ನೇತುಹಾಕು."

ಹೊರಟೇಹೋದರು. ಗಡಿಯಾರದಲ್ಲಿ ಎರಡೂವರೆ.

ನಮ್ಮ ಚಿತ್ರದ ನಾಯಕ ಬದುಕಿ ಉಳಿಯಲು ಕೊಲೆ ಮಾಡುತ್ತಾನೆ, ಆಮೇಲೆ ಆತ್ಮಸಾಕ್ಷಿಗೆ ಹೆದರಿ ಮೂರನೇ ಮಹಡಿಯಿಂದ ಹಾರುತ್ತಾನೆ. ಆತ್ಮಸಾಕ್ಷಿ ನಾಯಕನದು, ಹಾರುವ ಮೈ ಡೂಪಿನದು. ಡೂಪುಗಳದ್ದು ಒಂದೇ ನಿಯಮ: ಹತ್ತುವ ಮುನ್ನ ಕೆಳಗಿನ ದಪ್ಪ ಹಾಸಿಗೆಯನ್ನು ತಾನೇ ತುಳಿದು ನೋಡಬೇಕು, ಹತ್ತಿದ ಮೇಲೆ ಯಾರೂ ಅದನ್ನು ಮುಟ್ಟಕೂಡದು. ಮುಟ್ಟಿದರೆ ಅವನನ್ನು ಕೆಳಗಿಳಿಸಿ ಮತ್ತೆ ತುಳಿಸಬೇಕು.

ಅಂದು ನಮ್ಮ ಡೂಪು ಆಗಲೇ ಮೇಲೆ ಹತ್ತಿದ್ದ. ಸೆಟ್ಟಿನಲ್ಲೇ ಮಾನಿಟರ್ ನೋಡುತ್ತ ಕೂತಿದ್ದ ನನಗೆ ಹಾಸಿಗೆಯ ನೀಲಿ ಅಂಚು ಕಂಡಿತು. ಕ್ಯಾಮೆರಾ ಓಡುತ್ತಿತ್ತು. ಇಪ್ಪತ್ತಾರು ಸೆಕೆಂಡಿನಲ್ಲಿ ಮೊದಲು ಕೇಳುವುದೇ ನನ್ನ ದನಿ: "ನೀಲಿ ಕಾಣ್ತಿದೆ, ಒಂದಡಿ ಎಳೀರಿ." ಆಮೇಲೆ ಡೈರೆಕ್ಟರದು: "ಮೂರಡಿ ಎಳೀರೋ! ಅವನನ್ನ ಇಳಿಸ್ತಾ ಕೂತ್ರೆ ಬಿಸಿಲು ಹೋಗುತ್ತೆ." ಆಮೇಲೆ ಕ್ಲಾಪ್. ಆಮೇಲೆ ಮುರಿದ ಅವನ ಬೆನ್ನುಮೂಳೆ.

ಕಂಪನಿಯ ವರದಿಯಲ್ಲಿ ಒಂದೇ ಸಾಲು: ಕುಡಿದು ಹಾರಿದ.

ಮೌಸಿನ ಮೇಲೆ ಬೆರಳಿಟ್ಟೆ, ತೆಗೆದೆ, ಮತ್ತೆ ಇಟ್ಟೆ. ಅಳಿಸಿದರೆ ಅವರಷ್ಟೇ ಅಲ್ಲ, ನಾನೂ ಬಚಾವು. ಡೈರೆಕ್ಟರಿಗೆ ಇದು ಗೊತ್ತಿತ್ತು. ಅದಕ್ಕೇ ಬೆದರಿಸುವ ಗೋಜಿಗೆ ಹೋಗಿರಲಿಲ್ಲ.

ಅಷ್ಟರಲ್ಲಿ ಅವನ ಹೆಂಡತಿ ಬಂದಳು. ನಮ್ಮ ಯೂನಿಟ್ಟಿನ ದರ್ಜಿ ಅವಳೇ. ಕೊರಳಲ್ಲಿ ಅಳತೆಪಟ್ಟಿ ಹಾಗೇ ಇತ್ತು.

"ಅಕ್ಕಾ, ಕೆಮ್ಮಿನ ಔಷಧಿ ಕುಡಿಯೋಕೂ ಮೂಗು ಹಿಡ್ಕೊಳ್ಳೋ ಗಂಡಸು. ಕುಡುಕ ಅಂತ ಬರೆದವ್ರೆ. ನೀವು ನೋಡಿದ್ದೀರಲ್ಲ?"

ಪ್ಲೇ ಬಟನ್ ಒತ್ತಿದೆ.

ನನ್ನ ದನಿ ಬಂದಾಗ ಅವಳು ಪರದೆ ಬಿಟ್ಟು ನನ್ನನ್ನು ನೋಡಿದಳು. ಇಪ್ಪತ್ತಾರು ಸೆಕೆಂಡೂ ಹಾಗೇ ನೋಡಿದಳು.

"ಅಲ್ಲಿ ಎಷ್ಟು ಜನ ಇದ್ರಿ?"

"ನಲವತ್ತು."

"ನಲವತ್ತು ಬಾಯಲ್ಲಿ ಒಂದಾದ್ರೂ 'ನಿಲ್ಲೋ' ಅನ್ಲಿಲ್ವಾ?"

"ಇಲ್ಲ."

"ಥೂ! ಊಟಕ್ಕೆ ಕರೆಯೋವಾಗ ಗಂಟಲು ಹರ್ಕೊಳ್ಳೋ ಹಾಗೆ ಕೂಗ್ತೀರಲ್ರೀ."

ಅವಳು ನನ್ನ ಕೈ ಹಿಡಿದಿದ್ದರೆ, ಅತ್ತಿದ್ದರೆ, ಕ್ಷಮೆ ಕೇಳಿ ತಪ್ಪಿಸಿಕೊಳ್ಳುತ್ತಿದ್ದೆನೇನೋ. ಅವಳು ಗೋಡೆಗೊರಗಿ ನಿಂತಳು, ಹೊರಗೆ ಹೋಗಲಿಲ್ಲ.

ಮೂರಕ್ಕೆ ತನಿಖಾಧಿಕಾರಿ ಬಂದರು, ಹಿಂದೆಯೇ ಡೈರೆಕ್ಟರು. ದರ್ಜಿಯನ್ನು ಕಂಡು ಡೈರೆಕ್ಟರ ಹುಬ್ಬು ಗಂಟಾಯಿತು.

"ನೀನ್ಯಾಕಮ್ಮ ಇಲ್ಲಿ?"

"ಅಳತೆ ತಗೊಳ್ಳೋಕೆ," ಎಂದಳು.

"ಕ್ಲಾಪಿಂದ ಹಾಕು," ಡೈರೆಕ್ಟರು ನನಗೆ ಹೇಳಿದರು.

ಪರದೆಯ ಮೇಲಿನ ಗೆರೆಯನ್ನು ಎಡಕ್ಕೆ, ಕ್ಲಾಪಿಗೂ ಹಿಂದಕ್ಕೆ ಎಳೆದೆ. ಮೊದಲಿಂದ ಹಾಕಿದೆ.

ಕೇಳಿ ಮುಗಿಸಿದ ಅಧಿಕಾರಿ ಪೆನ್ನು ತೆಗೆದರು. "ಮೊದಲನೇದು ಯಾರ ದನಿ?"

"ಅಸಿಸ್ಟೆಂಟ್ ಹುಡುಗಿ ಇರ್ಬೇಕು ಸಾರ್," ಡೈರೆಕ್ಟರು ಅಂದರು. ನನಗೊಂದು ದಾರಿ ಬಿಡುತ್ತಿದ್ದರು. ಆ ದಾರಿಯ ಕೊನೆಗೆ ಇನ್ನೊಬ್ಬ ಬಡಪಾಯಿ ನಿಂತಿದ್ದಳು.

"ನಂದು," ಎಂದೆ. "ಎರಡನೇದು ಇವರದು. ಅವನಿಗೆ ಹೇಳ್ದೇ ಹಾಸಿಗೆ ಎಳೆಸಿದ್ವಿ."

ಅಧಿಕಾರಿ ಬರೆಯತೊಡಗಿದರು. ದರ್ಜಿ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಅಧಿಕಾರಿಯ ಮುಂದಿದ್ದ ಕಂಪನಿಯ ವರದಿಯ ಮೇಲೆ ಬೆರಳೂರಿದಳು.

"ಇವರದ್ದು ಆಮೇಲೆ ಬರ್ಕೊಳ್ಳಿ ಸಾರ್. ಮೊದಲು ಈ 'ಕುಡಿದು' ಅನ್ನೋದನ್ನ ಹೊಡೆದ್ಹಾಕಿ."